ಚಂದ್ರಭಾಗೆಯ ದಂಡೆಯ ಊರು: ಪಂಢರಪುರಕ್ಕೊಂದು ಶೈಕ್ಷಣಿಕ ಪ್ರವಾಸ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಪಂಢರಪುರವನ್ನು ಕಂಡಿರದ ಮಕ್ಕಳು ವಿರಳ. ಮನೆಯ ಹಿರಿಯರ ಕೈಹಿಡಿದು ಏಕಾದಶಿಗೋ ಹರಕೆ ತೀರಿಸಲೋ ಹೋಗಿ ಬಂದಿರುತ್ತಾರೆ. ಕಂಡ ಊರನ್ನೇ ಶಾಲೆಯಿಂದ ಮತ್ತೆ ತೋರಿಸುವುದೇಕೆ ಎಂಬ ಪ್ರಶ್ನೆ ಆದುದರಿಂದ ಸಹಜವೇ. ಆ ಪ್ರಶ್ನೆಗೆ ಉತ್ತರ ದೇವಾಲಯದ ಕಲ್ಲುತೊಲೆಯೊಂದರ ಮೇಲಿದೆ. ದರ್ಶನದ ಸಾಲಿನಲ್ಲಿ ಮುಂದೆ ಸರಿಯುವವರು ಸಾಮಾನ್ಯವಾಗಿ ತಲೆಯೆತ್ತಿ ಅದನ್ನು ನೋಡುವುದಿಲ್ಲ.

ಪಾಠವನ್ನು ನದಿಯಿಂದ ಆರಂಭಿಸುವುದು ಒಳ್ಳೆಯದು. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಈ ಊರಿನ ಬಳಿ ಬಾಲಚಂದ್ರನಂತೆ ಬಾಗಿ ಹರಿಯುವುದರಿಂದ ಚಂದ್ರಭಾಗೆ ಎನಿಸಿಕೊಂಡಿದೆ. ಅದೇ ನದಿ ಮುಂದೆ ಗಾಣಗಾಪುರ, ಸನ್ನತಿಗಳನ್ನು ಮುಟ್ಟಿ ಕೃಷ್ಣೆಯನ್ನು ಸೇರುತ್ತದೆ. ಹೊರಡುವ ಮುನ್ನ ಮಕ್ಕಳು ನಕಾಶೆಯ ಮೇಲೆ ಈ ಹರಿವನ್ನು ಬೆರಳಿನಿಂದ ಗುರುತಿಸಲಿ. ರಾಜ್ಯದ ಗಡಿರೇಖೆ ನದಿಗಿಂತ ಎಷ್ಟು ಈಚಿನದೆಂಬುದು ವಿವರಣೆಯಿಲ್ಲದೆಯೇ ಅವರಿಗೆ ಹೊಳೆಯುತ್ತದೆ.

ದೇವಾಲಯದೊಳಗೆ ಹದಿನಾರು ಕಂಬಗಳ ಮಂಟಪವೊಂದಿದೆ. ಸ್ಥಳೀಯರು ಅದನ್ನು ಸೋಳಖಾಂಬಿ ಎನ್ನುತ್ತಾರೆ. ಅಲ್ಲಿನ ತೊಲೆಯ ಮೇಲೆ ಶಕ 1159ರ, ಎಂದರೆ ಕ್ರಿ.ಶ. 1237ರ ಶಾಸನವಿದೆ. ಭಾಷೆ ಸಂಸ್ಕೃತ ಮತ್ತು ಕನ್ನಡ. ಹೊಯ್ಸಳ ದೊರೆ ಸೋಮೇಶ್ವರನು ವಿಠ್ಠಲನ ಸೇವೆಗಾಗಿ ಗ್ರಾಮವೊಂದನ್ನು ದತ್ತಿ ಬಿಟ್ಟ ಸಂಗತಿಯನ್ನು ಅದು ದಾಖಲಿಸುತ್ತದೆ. ಊರಿನ ಹಳೆಯ ಹೆಸರು ಪಂಡರಗೆ. ‘ಪಾಂಡುರಂಗ’ ಎಂಬುದು ಈ ಹೆಸರಿನ ಸಂಸ್ಕೃತೀಕೃತ ರೂಪವೆಂದು ರಾ. ಗೋ. ಭಂಡಾರ್ಕರ್ ಅಭಿಪ್ರಾಯಪಟ್ಟಿದ್ದರು. ದೇವರ ಹೆಸರಿನಿಂದ ಊರಿಗೆ ಹೆಸರು ಬಂತೆಂದು ನಂಬಿದ ಮಕ್ಕಳಿಗೆ ಊರಿನಿಂದಲೇ ದೇವರಿಗೆ ಹೆಸರು ಬಂದಿರಬಹುದೆಂಬುದು ಅಚ್ಚರಿಯ ವಿಷಯ. ಮನೆಯ ಅಜ್ಜಿಯಂದಿರು ಈ ಊರನ್ನು ಏನೆಂದು ಕರೆಯುತ್ತಾರೆಂದು ಕೇಳಿ ಬರೆದು ತರಲು ಹೇಳಿದರೆ, ಬಗೆಬಗೆಯ ಉಚ್ಚಾರಣೆಗಳೇ ಒಂದು ದಿನದ ಭಾಷಾಪಾಠವಾಗುತ್ತವೆ.

ಇಲ್ಲಿ ಶಿಕ್ಷಕರು ಎಚ್ಚರ ತಪ್ಪಬಾರದು. ಶಾಸನದ ವಿಷಯ ಕೇಳಿದ ಕೂಡಲೇ ತರಗತಿಯಲ್ಲಿ ಯಾರಾದರೊಬ್ಬರು, “ಹಂಗಾದ್ರ ವಿಠ್ಠಲ ನಮ್ಮಾಂವೋ, ಅವರಾಂವೋ ಸರ್?” ಎಂದು ಕೇಳಿಯೇ ಕೇಳುತ್ತಾರೆ. ಮರಾಠಿ ಮಾತನಾಡುವ ನೆರೆಮನೆಯ ಗೆಳೆಯನೊಡನೆ ಸಂಜೆ ಆಡಲು ಹೋಗುವ ಮಗು ಅದು. ಶಾಸನವನ್ನು ಜಗಳದ ಕಲ್ಲಾಗಿ ಆ ಮಗುವಿನ ಕೈಗೆ ಕೊಡುವುದು ಶಿಕ್ಷಣವಲ್ಲ. ಅದೇ ದೇವಾಲಯದ ಚೌರ್ಯಾಂಶಿ ಶಿಲಾಲೇಖ 1273ರಿಂದ 1277ರವರೆಗಿನ, ಯಾದವ ರಾಮಚಂದ್ರನ ಕಾಲದ ದಾನಿಗಳ ಪಟ್ಟಿಯನ್ನು ನೀಡುತ್ತದೆ. ಪುಣ್ಯಕ್ಕಾಗಿ ಮೈ ಉಜ್ಜಿದ ಭಕ್ತರಿಂದ ಅದರ ಅಕ್ಷರಗಳು ಸವೆದಿವೆ. ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ‘ಕಾನಡಾ’ ಎನ್ನುತ್ತದೆ. ಆ ಪದಕ್ಕೆ ಕನ್ನಡಿಗ ಎಂದೂ, ತಿಳಿಯಲಾಗದವನು ಎಂದೂ ಎರಡು ಅರ್ಥ ಹೇಳುವುದುಂಟು. ಎರಡನ್ನೂ ಮಕ್ಕಳಿಗೆ ತಿಳಿಸಬೇಕು. ಮರಾಠಿಯ ವಿದ್ವಾಂಸ ರಾ. ಚಿಂ. ಢೇರೆಯವರು ತಮ್ಮ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಗ್ರಂಥದಲ್ಲಿ ಈ ದೈವದ ದಕ್ಷಿಣದ, ಪಶುಪಾಲಕ ಮೂಲವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ ಎಂಬುದೂ ಗಮನಾರ್ಹ.

ಐತಿಹ್ಯವನ್ನೂ ದಾಖಲೆಯನ್ನೂ ಬೇರ್ಪಡಿಸುವ ಅಭ್ಯಾಸಕ್ಕೆ ಇದಕ್ಕಿಂತ ತಕ್ಕ ಸ್ಥಳ ದೊರೆಯದು. ಭಕ್ತರು ಅಪ್ಪಿಕೊಳ್ಳುವ ಕಂಬಕ್ಕೆ ಪುರಂದರದಾಸರನ್ನು ಕಟ್ಟಿದ್ದರೆಂಬ ಕಥೆಯಿದೆ. ಅದು ಕಥೆ. ತೊಲೆಯ ಶಾಸನ ದಾಖಲೆ. ಎರಡಕ್ಕೂ ತಮ್ಮ ಸ್ಥಾನವಿದೆ. ಆದರೆ ಉತ್ತರಪತ್ರಿಕೆಯಲ್ಲಿ ಎರಡೂ ಒಂದೇ ಆಗಕೂಡದು.

ಹೊರಗೆ ಮಹಾದ್ವಾರದಲ್ಲಿ ನಾಮದೇವನ ಮೆಟ್ಟಿಲು, ಅದರ ಸನಿಹದಲ್ಲಿ ಚೋಖಾಮೇಳನ ಸಮಾಧಿ. ಬಹಳಷ್ಟು ಪ್ರವಾಸಗಳು ಇಲ್ಲಿ ನಿಲ್ಲದೆ ಬೀದಿಯ ಅಂಗಡಿಗಳತ್ತ ಸಾಗುತ್ತವೆ, ಇದು ಸರಿಯಲ್ಲ. ಅಸ್ಪೃಶ್ಯನೆಂಬ ಕಾರಣಕ್ಕೆ ಒಳಗೆ ಹೋಗಲಾಗದ ಸಂತನ ಸಮಾಧಿ ಬಾಗಿಲ ಹೊರಗಿರುವುದೇಕೆಂದು ಮಕ್ಕಳೇ ಕೇಳುವಷ್ಟು ಹೊತ್ತು ಅಲ್ಲಿ ನಿಲ್ಲಬೇಕು. ಆ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರು ಇದೇ ಊರಿನಲ್ಲಿ ಕೈಗೊಂಡ ಉಪವಾಸದ ಫಲವಾಗಿ. ಸಾನೆ ಗುರೂಜಿಯವರೂ ಶಾಲಾ ಶಿಕ್ಷಕರಾಗಿದ್ದವರು.

ಪುಂಡಲೀಕನ ಗುಡಿ, ಘಟ್ಟದ ಮೇಲಿನ ಹೋಳ್ಕರ್ ವಾಡೆ, ಗೋಪಾಳಪುರಗಳನ್ನು ಉಳಿದ ವೇಳೆಯಲ್ಲಿ ನೋಡಬಹುದು. ಆಷಾಢ, ಕಾರ್ತಿಕ ಏಕಾದಶಿಗಳ ಆಸುಪಾಸಿನಲ್ಲಿ ಪ್ರವಾಸ ಬೇಡ. ಜನಸಂದಣಿಯಲ್ಲಿ ತಲೆಯೆಣಿಕೆಯ ಹೊರತು ಬೇರಾವ ಪಾಠವೂ ನಡೆಯದು. ಮೇಲ್ಭಾಗದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುವುದರಿಂದ, ಮಳೆಗಾಲದಲ್ಲಿ ಮಕ್ಕಳನ್ನು ನೀರಿಗಿಳಿಸುವುದು ಸಲ್ಲ.

ಬೆಳಿಗ್ಗೆ ಬೇಗ ತಲುಪಿದ್ದರೆ ಮಧ್ಯಾಹ್ನದ ಊಟವನ್ನು ಮಂಗಳವೇಢೆಯಲ್ಲಿ ಇಟ್ಟುಕೊಳ್ಳಬಹುದು. ದೂರ ಸುಮಾರು 25 ಕಿ.ಮೀ. ಕಲ್ಯಾಣಕ್ಕೆ ಹೋಗುವ ಮುನ್ನ ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿ ಕೆಲಸ ಮಾಡಿದ ಊರದು. ಪಂಢರಪುರದ ದೇವಾಲಯದಲ್ಲೇ ಪ್ರಾಣಬಿಟ್ಟಳೆನ್ನುವ ಕಾನ್ಹೋಪಾತ್ರೆ ಹುಟ್ಟಿದ್ದೂ, ಗೋಡೆ ಕಟ್ಟುವಾಗ ಅದು ಕುಸಿದು ಚೋಖಾಮೇಳ ತೀರಿಕೊಂಡನೆಂದು ಹೇಳುವುದೂ ಅಲ್ಲಿಯೇ.