ಕಾರ್ಟೂನಿನ ವಯಸ್ಸು ನಿರ್ಧರಿಸುವವರು

ಶಿನ್-ಚಾನ್‌ಗೆ ಐದು ವರ್ಷ. ಜಪಾನಿನ ಕಸುಕಾಬೆ ಎಂಬ ಊರಿನ ಈ ಪೋರ ಹುಟ್ಟಿದ್ದು 1990ರಲ್ಲಿ, ಯೊಶಿತೊ ಉಸುಯಿ ಎಂಬ ಚಿತ್ರಕಾರರ ಕೈಯಲ್ಲಿ. ಅವನು ಮೊದಲು ಕಾಣಿಸಿಕೊಂಡದ್ದು ಮಕ್ಕಳ ಪತ್ರಿಕೆಯಲ್ಲಲ್ಲ, ದೊಡ್ಡ ಗಂಡಸರು ಓದುವ ಚಿತ್ರಕಥೆಗಳ ವಾರಪತ್ರಿಕೆಯಲ್ಲಿ. ಎರಡು ವರ್ಷದ ನಂತರ ಟಿವಿ ಅಸಾಹಿ ವಾಹಿನಿ ಅವನನ್ನು ಸಂಜೆ ಹೊತ್ತು ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮವಾಗಿಸಿತು. ನಮ್ಮ ಮಕ್ಕಳು ಇದನ್ನು ನೋಡುವುದು ಬೇಡ ಎಂದು ಅಲ್ಲಿನ ಪಾಲಕರು ವರ್ಷಗಟ್ಟಲೆ ಸಮೀಕ್ಷೆಗಳಲ್ಲಿ ಹೇಳುತ್ತಲೇ ಬಂದರೂ ಕಾರ್ಯಕ್ರಮ ನಿಲ್ಲಲಿಲ್ಲ. 2006ರಲ್ಲಿ ಅಮೆರಿಕಕ್ಕೆ ಹೋದಾಗ ಅವನಿಗೆ ಸಿಕ್ಕಿದ್ದು ತಡರಾತ್ರಿಯ ಜಾಗ, ವಯಸ್ಕರಿಗಾಗಿಯೇ ಮೀಸಲಾದ ‘ಅಡಲ್ಟ್ ಸ್ವಿಮ್’ ವಿಭಾಗ. ಅದೇ 2006ರಲ್ಲಿ ಭಾರತಕ್ಕೆ ಬಂದವನು ನೇರವಾಗಿ ಹಂಗಾಮಾ ಎಂಬ ಮಕ್ಕಳ ವಾಹಿನಿಗೆ ಸೇರಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಪಾಲಕರ ದೂರುಗಳು ಹೆಚ್ಚಿದವು. 2008ರಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಪ್ರಸಾರವನ್ನೇ ನಿಲ್ಲಿಸಿತು. ಮರುವರ್ಷ ಕತ್ತರಿ ಆಡಿಸಿಕೊಂಡು ಅವನು ಮತ್ತೆ ಬಂದ. 2025ರಲ್ಲಿ ಬಂದ ಅವನ ಹೊಸ ಸಿನಿಮಾದ ಕಥೆ ನಡೆಯುವುದೇ ಭಾರತದಲ್ಲಿ.

ಒಬ್ಬನೇ ಹುಡುಗ. ಒಂದು ಕಡೆ ಮನೆಮಂದಿಯ ಕಾರ್ಯಕ್ರಮ, ಇನ್ನೊಂದು ಕಡೆ ನಡುರಾತ್ರಿಯದು, ಮತ್ತೊಂದು ಕಡೆ ಶಾಲೆ ಬಿಟ್ಟು ಬಂದ ಕೂಡಲೇ ನೋಡುವಂಥದ್ದು. ದೇಶದಿಂದ ದೇಶಕ್ಕೆ ಸಂಪ್ರದಾಯ ಬೇರೆ ಎಂದು ಇದಕ್ಕೆ ಸಮಾಧಾನ ಹೇಳಿಕೊಳ್ಳಬಹುದು. ಆದರೆ ನನ್ನನ್ನು ಕಾಡುವುದು ಭಾರತದಲ್ಲಿ ನಡೆದ ರೀತಿ. ಎರಡು ವರ್ಷ ಯಾವ ಎಚ್ಚರಿಕೆಯೂ ಇಲ್ಲದೆ ಪ್ರಸಾರ, ಆಮೇಲೆ ಏಕಾಏಕಿ ನಿಷೇಧ. ಇವೆರಡರ ನಡುವೆ ಪಾಲಕರಿಗೆ ತಿಳಿಸಿ ಹೇಳುವ ಒಂದು ಮೆಟ್ಟಿಲೇ ಇರಲಿಲ್ಲ. ಕರ್ನಾಟಕದ ಮನೆಗಳಲ್ಲಂತೂ ಇನ್ನೊಂದು ತೊಡಕು. ಎಷ್ಟೋ ಮಕ್ಕಳು ಹಿಂದಿ ಕಲಿತದ್ದೇ ಇಂಥ ಕಾರ್ಟೂನುಗಳಿಂದ. ಅಡುಗೆಮನೆಯಿಂದ ಇಣುಕಿ ನೋಡುವ ಅಮ್ಮನಿಗೆ ಬಣ್ಣಬಣ್ಣದ ಗೊಂಬೆ ಕಾಣುತ್ತಿತ್ತೇ ಹೊರತು ಅದು ಆಡುವ ಮಾತು ಪೂರ್ತಿ ಅರ್ಥವಾಗುತ್ತಿರಲಿಲ್ಲ. ಶಿನ್-ಚಾನ್ ಮೇಲಿನ ತಕರಾರಿನ ಬಹುಪಾಲು ಇದ್ದದ್ದು ಮಾತಿನಲ್ಲೇ.

ಗೆರೆಯಲ್ಲಿ ಬರೆದ ರಕ್ತ

ಕಾರ್ಟೂನ್ ಎಂದರೆ ಮಕ್ಕಳದ್ದು ಎಂಬ ನಂಬಿಕೆ ಬಹಳ ಹಳೆಯದು. ರೇಟಿಂಗ್ ಕೊಡುವವರೂ ಅದರಿಂದ ಹೊರಗಿರಲಿಲ್ಲ. ಇದಕ್ಕೆ ಬ್ರಿಟನ್ನಿನ ‘ವಾಟರ್‌ಶಿಪ್ ಡೌನ್’ ಚಿತ್ರಕ್ಕಿಂತ ಸ್ಪಷ್ಟ ಸಾಕ್ಷಿ ಸಿಗಲಾರದು. ರಿಚರ್ಡ್ ಆಡಮ್ಸ್ ಅವರ ಕಾದಂಬರಿಯನ್ನು ಆಧರಿಸಿ ಮಾರ್ಟಿನ್ ರೋಸೆನ್ 1978ರಲ್ಲಿ ತೆರೆಗೆ ತಂದ ಈ ಚಿತ್ರ ಮೊಲಗಳ ಗುಂಪೊಂದು ತಮ್ಮ ನೆಲೆ ಬಿಟ್ಟು ಹೊಸ ನೆಲೆ ಹುಡುಕಿ ಹೊರಡುವ ಕಥೆ. ಬಿಲ ಮುಚ್ಚಿ ಮೊಲಗಳು ಉಸಿರುಗಟ್ಟಿ ಸಾಯುತ್ತವೆ. ಉರುಳಿಗೆ ಸಿಕ್ಕ ಮೊಲದ ಬಾಯಿಂದ ರಕ್ತ ಬರುತ್ತದೆ. ಕೊನೆಯಲ್ಲಿ ನಡೆಯುವ ಕಾಳಗದಲ್ಲಿ ಹಲ್ಲು, ಉಗುರು, ಹರಿದ ಕಿವಿಗಳು. ಬ್ರಿಟನ್ನಿನ ಚಲನಚಿತ್ರ ವರ್ಗೀಕರಣ ಮಂಡಳಿ ಬಿಬಿಎಫ್‌ಸಿ ಇದಕ್ಕೆ ‘ಯು’ ಕೊಟ್ಟಿತು. ಅಂದರೆ ಎಲ್ಲರೂ ನೋಡಬಹುದು.

ಅಂದಿನ ಪರೀಕ್ಷಕರು ಬರೆದಿಟ್ಟ ವರದಿ ಇಂದಿಗೂ ಇದೆ. ಚಿತ್ರ ಬಿಡಿಸಿದ್ದರಿಂದ ರಕ್ತಪಾತದ ನಿಜವಾದ ಭೀಕರತೆ ಕಳಚಿಹೋಗುತ್ತದೆ, ನೋಡುವಾಗ ಮಕ್ಕಳ ಮನಸ್ಸು ಕಲಕಿದರೂ ಕಥೆಯ ಗುಂಗು ಇಳಿದ ಮೇಲೆ ಅದು ಅವರನ್ನು ಕಾಡಲಾರದು ಎಂಬುದು ಅದರ ಸಾರ. ಮಕ್ಕಳ ಅನುಭವ ಬೇರೆಯೇ ಆಗಿತ್ತು. ಆ ಕಾಲದ ಮಕ್ಕಳು ಬೆಳೆದು ದೊಡ್ಡವರಾಗಿ, ತಮ್ಮ ಬಾಲ್ಯದ ಮೊದಲ ದುಃಸ್ವಪ್ನ ಯಾವುದೆಂದು ಕೇಳಿದರೆ ಈ ಚಿತ್ರದ ಹೆಸರು ಹೇಳಿದರು. ಮಂಡಳಿಗೆ ದೂರುಗಳು ಬರುತ್ತಲೇ ಇದ್ದವು. 2016ರ ಈಸ್ಟರ್ ಭಾನುವಾರ ಚಾನೆಲ್ 5 ಇದನ್ನು ಮಧ್ಯಾಹ್ನ ಪ್ರಸಾರ ಮಾಡಿದಾಗ ಪಾಲಕರು ಸಿಟ್ಟಿಗೆದ್ದರು. ಕೊನೆಗೆ 2022ರಲ್ಲಿ ಮರುಪರಿಶೀಲನೆಗೆ ಬಂದಾಗ ಮಂಡಳಿ ಇದನ್ನು ಒಂದು ಮೆಟ್ಟಿಲು ಮೇಲಕ್ಕೆ, ‘ಪಿಜಿ’ಗೆ ಏರಿಸಿತು. ನಲವತ್ತನಾಲ್ಕು ವರ್ಷ ಹಿಡಿಯಿತು. ತಡವಾಯಿತು ನಿಜ, ಆದರೂ ಈ ಪ್ರಸಂಗದಲ್ಲಿ ನನಗೆ ಗೌರವ ಹುಟ್ಟಿಸುವ ಸಂಗತಿಯೊಂದಿದೆ. ತೀರ್ಮಾನದ ಹಿಂದಿನ ಕಾರಣ ಕಾಗದದ ಮೇಲಿತ್ತು. ಹಾಗಿದ್ದುದರಿಂದಲೇ ಅದು ತಪ್ಪು ಎಂದು ಯಾರಾದರೂ ತೋರಿಸಿಕೊಡುವುದು ಸಾಧ್ಯವಾಯಿತು.

ಅಮೆರಿಕದ ಕಥೆಯೂ ಭಿನ್ನವಲ್ಲ. 2000ನೇ ಇಸವಿಯಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1937ರಿಂದ 1999ರವರೆಗಿನ, ‘ಜಿ’ ರೇಟಿಂಗಿನ, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದಾದ 74 ಅನಿಮೇಷನ್ ಚಿತ್ರಗಳನ್ನು ಸಂಶೋಧಕರು ಗಡಿಯಾರ ಹಿಡಿದು ನೋಡಿದ್ದರು. ಒಂದೊಂದರಲ್ಲೂ ಹಿಂಸೆಯ ದೃಶ್ಯ ಕನಿಷ್ಠ ಒಂದಾದರೂ ಇತ್ತು. ಸರಾಸರಿ ಒಂಬತ್ತೂವರೆ ನಿಮಿಷ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಅಧ್ಯಯನವೊಂದು ಮಕ್ಕಳ 45 ಅನಿಮೇಷನ್ ಚಿತ್ರಗಳನ್ನು ದೊಡ್ಡವರ 90 ಚಿತ್ರಗಳ ಪಕ್ಕದಲ್ಲಿಟ್ಟು ನೋಡಿತು. ಮುಖ್ಯ ಪಾತ್ರ ತೆರೆಯ ಮೇಲೆ ಸಾಯುವ ಸಂಭವ ಮಕ್ಕಳ ಚಿತ್ರಗಳಲ್ಲೇ ಎರಡೂವರೆ ಪಟ್ಟು ಹೆಚ್ಚು. ಸಾಯುವವರಲ್ಲಿ ಅಪ್ಪ-ಅಮ್ಮಂದಿರೂ ಇದ್ದರು.

1994ರ ‘ದಿ ಲಯನ್ ಕಿಂಗ್’ನಲ್ಲಿ ತಮ್ಮನೇ ಅಣ್ಣನನ್ನು ಬಂಡೆಯ ಮೇಲಿಂದ ಕೆಳಕ್ಕೆ ನೂಕಿ ಕೊಲ್ಲುತ್ತಾನೆ, ಮರಿಸಿಂಹ ಸತ್ತ ಅಪ್ಪನ ಮೈಗೆ ಮೈಯೊತ್ತಿ ಮಲಗುತ್ತದೆ. ರೇಟಿಂಗ್ ‘ಜಿ’. 2013ರ ‘ಫ್ರೋಜನ್’ ಅದಕ್ಕಿಂತ ಮೃದುವಾದ ಕಥೆ. ಸಾಹಸದ ದೃಶ್ಯಗಳಿಗೂ ಕೊಂಚ ಒರಟು ಹಾಸ್ಯಕ್ಕೂ ಅದಕ್ಕೆ ‘ಪಿಜಿ’ ಬಂತು. ಇಪ್ಪತ್ತು ವರ್ಷದಲ್ಲಿ ಮಕ್ಕಳ ಭಯ ಬದಲಾಗಲಿಲ್ಲ, ಅಳತೆಗೋಲು ಜರುಗಿತು.

ರೇಟಿಂಗ್ ಮಾಡುವವರು ಎಣಿಸುವುದು ಕಣ್ಣಿಗೆ ಕಾಣುವುದನ್ನು. ಎಷ್ಟು ರಕ್ತ, ಯಾವ ಬೈಗುಳ, ಮೈ ಎಷ್ಟು ಕಂಡಿತು, ಸಿಗರೇಟು ಸೇದಿದರೋ ಇಲ್ಲವೋ. 2006ರಲ್ಲಿ ಬ್ರಿಟನ್ನಿನ ಒಬ್ಬ ವೀಕ್ಷಕರು ದೂರು ಕೊಟ್ಟ ಮೇಲೆ ‘ಟಾಮ್ ಅಂಡ್ ಜೆರ್ರಿ’ಯ ಹಳೆಯ ಕಂತುಗಳಿಂದ ಧೂಮಪಾನದ ದೃಶ್ಯಗಳಿಗೆ ಕತ್ತರಿ ಬಿತ್ತು. ಬಾಣಲೆಯಿಂದ ತಲೆಗೆ ಹೊಡೆಯುವುದು ಹಾಗೆಯೇ ಉಳಿಯಿತು. ಅನಿಮೇಷನ್ನಿನಲ್ಲಿ ಏಟು ಬಿದ್ದರೂ ಗಾಯವಾಗುವುದಿಲ್ಲ, ಗಾಯವಾದರೂ ಮರುಕ್ಷಣ ಮಾಯ. ಹೀಗಾಗಿ ಎಣಿಕೆಯಲ್ಲಿ ಅದು ಹಗುರ. ಅಗಲಿಕೆ, ಅನಾಥತನ, ಪ್ರೀತಿಸಿದವರೇ ಮಾಡಿದ ದ್ರೋಹ ಎಣಿಕೆಗೇ ಸಿಗುವುದಿಲ್ಲ. ಐದಾರು ವರ್ಷದ ಮಗುವಿನ ನಿದ್ದೆಗೆಡಿಸುವುದು ಮಾತ್ರ ಹೆಚ್ಚಾಗಿ ಇವೇ.

ದೊಡ್ಡವರ ಮುಜುಗರ

ಇನ್ನೊಂದು ಬಗೆಯ ಏರುಪೇರು ದೊಡ್ಡವರ ಮುಜುಗರದಿಂದ ಹುಟ್ಟುತ್ತದೆ. 2022ರ ‘ಲೈಟ್‌ಇಯರ್’ ಚಿತ್ರದಲ್ಲಿ ಇಬ್ಬರು ಹೆಂಗಸರು, ಮಗು ಬೆಳೆಸಿದ ದಂಪತಿ, ಒಂದು ಕ್ಷಣ ಮುತ್ತಿಡುತ್ತಾರೆ. ಅಮೆರಿಕದಲ್ಲಿ ಅದಕ್ಕೆ ‘ಪಿಜಿ’. ಸಿಂಗಪುರದಲ್ಲಿ ಹದಿನಾರು ತುಂಬದವರಿಗೆ ಪ್ರವೇಶವಿಲ್ಲ. ಯುಎಇಯಲ್ಲಿ ನಿಷೇಧ. ಅತ್ತ ಅಶ್ಲೀಲ ಹಾಸ್ಯ ತುಂಬಿದ 2016ರ ‘ಸಾಸೇಜ್ ಪಾರ್ಟಿ’ಗೆ ಅಮೆರಿಕ, ದೊಡ್ಡವರ ಜೊತೆಯಿಲ್ಲದೆ ಚಿಕ್ಕವರಿಗೆ ಪ್ರವೇಶವಿಲ್ಲದ ‘ಆರ್’ ಮುದ್ರೆ ಒತ್ತಿದರೆ, ಫ್ರಾನ್ಸ್ ಹನ್ನೆರಡು ದಾಟಿದವರಿಗೆ ಬಾಗಿಲು ತೆರೆಯಿತು. ಅಲ್ಲಿ ಅದು ಕೋರ್ಟು ಮೆಟ್ಟಿಲೇರಿದರೂ ರೇಟಿಂಗ್ ಬದಲಾಗಲಿಲ್ಲ. ಜಪಾನಿನ ‘ಡೆಮನ್ ಸ್ಲೇಯರ್: ಮುಗೆನ್ ಟ್ರೈನ್’ ತವರಿನಲ್ಲಿ ‘ಪಿಜಿ12’, ಅಂದರೆ ಹನ್ನೆರಡರೊಳಗಿನವರೂ ಪಾಲಕರ ಮಾರ್ಗದರ್ಶನದಲ್ಲಿ ನೋಡಬಹುದು. ಅದೇ ಚಿತ್ರಕ್ಕೆ ಬ್ರಿಟನ್ನಿನಲ್ಲಿ ‘15’, ಅಮೆರಿಕದಲ್ಲಿ ‘ಆರ್’. ಇಷ್ಟನ್ನು ನೋಡಿದ ಮೇಲೆ ರೇಟಿಂಗ್ ಎಂಬುದು ಮಗುವಿನ ಮನಸ್ಸಿನ ಲೆಕ್ಕ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅದು ಬಹುಮಟ್ಟಿಗೆ ಆಯಾ ದೇಶದ ದೊಡ್ಡವರು ಮಕ್ಕಳೆದುರು ಯಾವುದಕ್ಕೆ ಸಂಕೋಚಪಡುತ್ತಾರೆ ಎಂಬುದರ ಲೆಕ್ಕ.

ಟಿವಿಗೆ ಬಂದರೆ ಅಲ್ಲಿ ಲೆಕ್ಕ ಹಿಡಿಯುವವರೂ ಬೇರೆ. ಅಮೆರಿಕದಲ್ಲಿ 1997ರ ಜನವರಿಯಲ್ಲಿ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಎಲ್ಲ ಮಕ್ಕಳಿಗೂ ಸಲ್ಲುವ ‘ಟಿವಿ-ವೈ’ಯಿಂದ ದೊಡ್ಡವರಿಗೆ ಮೀಸಲಾದ ‘ಟಿವಿ-ಎಂಎ’ವರೆಗೆ ಮೆಟ್ಟಿಲುಗಳಿವೆ. ಯಾವ ಕಾರ್ಯಕ್ರಮ ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುವುದು ಅದನ್ನು ಪ್ರಸಾರ ಮಾಡುವ ವಾಹಿನಿಯೇ. ರೇಟಿಂಗ್ ಏರಿದರೆ ಜಾಹೀರಾತು ಇಳಿಯುವ ಭಯ ಇರುವವರ ಕೈಯಲ್ಲೇ ತಕ್ಕಡಿ. ಮಕ್ಕಳ ಕಾರ್ಯಕ್ರಮದಲ್ಲಿ ಹೊಡೆದಾಟ ಜಾಸ್ತಿಯಾದರೆ ಅದಕ್ಕೆ ‘ಎಫ್‌ವಿ’, ಕಾಲ್ಪನಿಕ ಹಿಂಸೆ, ಎಂಬ ಚೀಟಿ ಅಂಟಿಸುತ್ತಾರೆ. 2019ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ, ಈ ವ್ಯವಸ್ಥೆಯನ್ನು ನೋಡಿಕೊಳ್ಳುವ ಮಂಡಳಿ ಜನರಿಗೆ ಸುಲಭವಾಗಿ ಸಿಗುವಂತಿಲ್ಲ, ಅದರ ಕೆಲಸ ಸಾಕಷ್ಟು ಪಾರದರ್ಶಕವಾಗಿಲ್ಲ ಎಂಬ ಆಕ್ಷೇಪವಿತ್ತು.

ಒಂದೇ ಮನೆ, ಮೂರು ಕಾನೂನು

ನಮ್ಮಲ್ಲಿ ಪರದೆ ಬದಲಾದರೆ ನಿಯಮವೂ ಬದಲಾಗುತ್ತದೆ. ಥಿಯೇಟರಿಗೆ ಬರುವ ಚಿತ್ರಕ್ಕೆ 1952ರ ಸಿನಿಮಾಟೊಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಕನ್ನಡಕ್ಕೆ ಡಬ್ ಆದರೆ ಆ ಆವೃತ್ತಿಗೆ ಪ್ರತ್ಯೇಕ ಪ್ರಮಾಣಪತ್ರ. ಬಹುಕಾಲ ಮಕ್ಕಳ ವಿಷಯದಲ್ಲಿ ಇದ್ದದ್ದು ‘ಯು’ ಅಥವಾ ‘ಯು/ಎ’, ಅಷ್ಟೇ. 2016ರಲ್ಲಿ ‘ದಿ ಜಂಗಲ್ ಬುಕ್’ ಬಂದಾಗ, ಪ್ರಾಣಿಗಳು ಮಕ್ಕಳನ್ನು ಹೆದರಿಸುವಷ್ಟು ಜೀವಂತವಾಗಿವೆ ಎಂದು ಮಂಡಳಿ ‘ಯು/ಎ’ ಕೊಟ್ಟಿತು. ದೇಶವೆಲ್ಲ ಆಡಿಕೊಂಡಿತು. ನನಗೆ ಆಗಲೂ ಈಗಲೂ ಅನ್ನಿಸುವುದು, ಆ ತೀರ್ಮಾನದ ಹಿಂದಿನ ಯೋಚನೆ ಸರಿಯಾಗಿಯೇ ಇತ್ತು ಎಂದು. ಕತ್ತಲಲ್ಲಿ, ದೊಡ್ಡ ಪರದೆಯ ಮೇಲೆ ಹುಲಿ ಶೇರ್ ಖಾನ್ ಎರಗಿದರೆ ನಾಲ್ಕು ವರ್ಷದ ಮಗು ಹೆದರುತ್ತದೆ. ಭಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಅಪರೂಪದ ಸಂದರ್ಭ ಅದು. ಕೊರತೆ ಇದ್ದದ್ದು ವರ್ಗಗಳಲ್ಲಿ. ನಾಲ್ಕರ ಮಗುವಿಗೂ ಹನ್ನೊಂದರ ಹುಡುಗನಿಗೂ ಒಂದೇ ಎಚ್ಚರಿಕೆ. 2023ರ ತಿದ್ದುಪಡಿ ಮತ್ತು 2024ರ ನಿಯಮಗಳು ಅದನ್ನು ಯುಎ 7+, 13+, 16+ ಎಂದು ಒಡೆದು ಒಳ್ಳೆಯ ಕೆಲಸ ಮಾಡಿವೆ.

ಅದೇ ಚಿತ್ರ ಒಟಿಟಿಗೆ ಬಂದರೆ 2021ರ ಐಟಿ ನಿಯಮಗಳು ಅನ್ವಯ. ಅಲ್ಲೂ 7, 13, 16ರ ಮೆಟ್ಟಿಲುಗಳಿವೆ, ಆದರೆ ಅಂಕಿ ಹಾಕುವುದು ಕಂಪನಿಯೇ. ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕೆಂಬ ನಿಯಮ ಇದೆ. ಬರೆದ ಎರಡು ಪದಗಳು ಬಹುತೇಕ ಇಂಗ್ಲಿಷಿನಲ್ಲಿ, ನಾಲ್ಕು ಸೆಕೆಂಡು ಮಿಂಚಿ ಮರೆಯಾಗುತ್ತವೆ. ಇನ್ನು ಟಿವಿ. 1994ರ ಕೇಬಲ್ ನಿಯಮಗಳು ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮವನ್ನು ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಹಾಕಬಾರದು ಎನ್ನುತ್ತವೆ. ವಾಹಿನಿಗಳು ತಾವೇ ಒಪ್ಪಿಕೊಂಡ ಸಂಹಿತೆಯಲ್ಲಿ ಇರುವುದು ಎರಡೇ ವರ್ಗ: ಎಲ್ಲರೂ ನೋಡಬಹುದಾದದ್ದು, ಮತ್ತು ರಾತ್ರಿ ಹನ್ನೊಂದರಿಂದ ಬೆಳಗಿನ ಐದರೊಳಗೆ ಮಾತ್ರ ಹಾಕಬಹುದಾದದ್ದು. ಕನ್ನಡದ ಚಿಂಟು ಟಿವಿಯಾಗಲಿ, ಹಿಂದಿಯ ಹಂಗಾಮಾ, ಪೋಗೊಗಳಾಗಲಿ, ಮಕ್ಕಳ ವಾಹಿನಿಯೊಳಗೆ ಮೂರು ವರ್ಷದ ಕಂದನಿಗೂ ಹನ್ನೆರಡರ ಹುಡುಗಿಗೂ ಸಂಹಿತೆ ಭೇದ ಮಾಡುವುದಿಲ್ಲ.

ಈ ಮೂರರಿಂದಲೂ ಹೊರಗಿರುವುದು ಯೂಟ್ಯೂಬ್. 2020ರಿಂದ ಅಲ್ಲಿ ಕಾಣುವ ‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಗುರುತನ್ನು ಎಷ್ಟೋ ಪಾಲಕರು ವಯಸ್ಸಿನ ಪ್ರಮಾಣಪತ್ರವೆಂದೇ ಭಾವಿಸಿದ್ದಾರೆ. ಮಕ್ಕಳ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಕಲೆಹಾಕಿದ್ದಕ್ಕೆ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ದಂಡ ತೆತ್ತ ಮೇಲೆ ಬಂದ ಗುರುತು ಅದು. ಜಾಹೀರಾತು ಮತ್ತು ಮಾಹಿತಿ ಸಂಗ್ರಹಕ್ಕೆ ಸಂಬಂಧಿಸಿದ್ದು. ವಿಡಿಯೋದೊಳಗೆ ಏನಿದೆ, ಅದು ಎಷ್ಟು ವಯಸ್ಸಿಗೆ ಹಿತ ಎಂಬುದನ್ನು ಅದು ಹೇಳುವುದಿಲ್ಲ. 2017ರಲ್ಲಿ ಪರಿಚಿತ ಕಾರ್ಟೂನ್ ಪಾತ್ರಗಳ ವೇಷದಲ್ಲಿ ಹಿಂಸೆ, ಅಶ್ಲೀಲ ತುಂಬಿದ ಸಾವಿರಾರು ವಿಡಿಯೋಗಳು ಅಲ್ಲಿ ಪತ್ತೆಯಾಗಿದ್ದವು. ಊಟ ಮಾಡಿಸುವಾಗ ಮಗುವಿನ ಕೈಗೆ ಕೊಡುವ ಫೋನಿನಲ್ಲಿ ಓಡುವುದು ಈ ಪರದೆಯೇ.

ಕಥೆಯನ್ನು ಯಾರ ಪಕ್ಕದಲ್ಲಿ ಕೂತು ನೋಡುತ್ತೇವೆ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ. 2025ರಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂತು. ಮನೆಮಂದಿ ಮಕ್ಕಳನ್ನು ಕಟ್ಟಿಕೊಂಡು ಹೋಗಿ ನೋಡಿದರು. ಮಗನಿಗೆ ಅಪ್ಪನೇ ವಿಷ ಕೊಡಿಸುವ, ಕೊನೆಗೆ ಹೊಸ್ತಿಲ ಮೇಲೆ ಹೊಟ್ಟೆ ಬಗೆಯುವ ಈ ಕಥೆಗಿಂತ ಉಗ್ರವಾದದ್ದು ಇನ್ನೆಲ್ಲಿದೆ? ಆದರೂ ನಮ್ಮ ಮಕ್ಕಳು ಅದನ್ನು ಬಯಲಾಟದಲ್ಲಿ, ಯಕ್ಷಗಾನದಲ್ಲಿ, ದೇವಸ್ಥಾನದ ಗೋಡೆಯ ಕಲ್ಲಿನಲ್ಲಿ ನೋಡುತ್ತಲೇ ಬೆಳೆದವರು. ಪ್ರಹ್ಲಾದ ಬದುಕುತ್ತಾನೆ ಎಂದು ಅವರಿಗೆ ಗೊತ್ತು. ಹೆದರಿದರೆ ಮುಖ ಹುದುಗಿಸಲು ಅಜ್ಜಿಯ ಮಡಿಲಿತ್ತು. ಯಾವ ಮಂಡಳಿಯೂ ಈ ಮಡಿಲನ್ನು ತೂಗಲಾರದು. ಹಾಗೆಂದು ರೇಟಿಂಗೇ ಬೇಡ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಇಂದು ಬಹುಪಾಲು ಮಕ್ಕಳು ಕಾರ್ಟೂನ್ ನೋಡುವುದು ಒಂಟಿಯಾಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಪಕ್ಕದಲ್ಲಿ ದೊಡ್ಡವರಿಲ್ಲ ಎಂಬ ಕಾರಣಕ್ಕೇ ಮುಂಚಿತವಾಗಿ ಹೇಳುವವರೊಬ್ಬರು ಬೇಕು.

ನೆದರ್ಲೆಂಡ್ಸ್ ಈ ಕೆಲಸವನ್ನು 2001ರಿಂದ ಮಾಡುತ್ತಿದೆ. ‘ಕೈಕ್‌ವೈಜರ್’ ಎಂಬ ಅವರ ವ್ಯವಸ್ಥೆಯಲ್ಲಿ ಸಿನಿಮಾಕ್ಕೂ ಟಿವಿಗೂ ಒಂದೇ ಅಳತೆ. ವಯಸ್ಸಿನ ಅಂಕಿಯ ಪಕ್ಕದಲ್ಲಿ ಪುಟ್ಟ ಚಿತ್ರಗಳಿರುತ್ತವೆ: ಹಿಂಸೆಗೆ ಮುಷ್ಟಿ, ಭಯಕ್ಕೆ ಜೇಡ. ಹಿಂಸೆ ಬೇರೆ, ಭಯ ಬೇರೆ ಎಂದು ಒಪ್ಪಿಕೊಂಡಿರುವುದೇ ಅದರ ಹೆಚ್ಚುಗಾರಿಕೆ. ರಕ್ತದ ಹನಿಯೂ ಇಲ್ಲದ ಚಿತ್ರ ಮಗುವನ್ನು ಹೆದರಿಸಬಲ್ಲುದಾದರೆ ಅಲ್ಲಿ ಅದಕ್ಕೊಂದು ಗುರುತು ಸಿಗುತ್ತದೆ. ಓದಲು ಬಾರದ ಪಾಲಕರಿಗೂ ಅರ್ಥವಾಗುತ್ತದೆ. ಅಂಕಿ ಬರೀ ಅಲಂಕಾರವೂ ಅಲ್ಲ, ಹನ್ನೆರಡರ ಗುರುತು ಬಿದ್ದದ್ದು ಟಿವಿಯಲ್ಲಿ ರಾತ್ರಿ ಎಂಟಕ್ಕೆ ಮೊದಲು ಬರುವಂತಿಲ್ಲ. ಫಾರ್ಮು ತುಂಬುವವರು ಅಲ್ಲೂ ಉದ್ಯಮದವರೇ. ಆದರೆ ಪ್ರಶ್ನೆಗಳನ್ನು ಮಾಧ್ಯಮ ಮತ್ತು ಮಕ್ಕಳ ಬಗ್ಗೆ ಸಂಶೋಧನೆ ಮಾಡಿದವರು ರೂಪಿಸಿದ್ದಾರೆ. ತಪ್ಪು ಕಂಡರೆ ಯಾರು ಬೇಕಾದರೂ ದೂರು ಕೊಡಬಹುದು.

ನಮ್ಮಲ್ಲಿ ಅಂಕಿಗಳು ಈಗಷ್ಟೇ ಬಂದಿವೆ. ಮುಂದಿನ ತಿದ್ದುಪಡಿಯಲ್ಲಿ ಸೆನ್ಸಾರ್ ಮಂಡಳಿ ಪ್ರತಿ ಯುಎ ಅಂಕಿಯ ಕೆಳಗೆ ಆ ಆವೃತ್ತಿಯ ಭಾಷೆಯಲ್ಲೇ ಒಂದು ಸಾಲಿನ ಕಾರಣ ಬರೆಯಲಿ. ‘ಅಮ್ಮ ಸಾಯುವ ದೃಶ್ಯವಿದೆ, ಮಗು ಒಂಟಿಯಾಗುತ್ತದೆ’ ಎಂದು ಕನ್ನಡದಲ್ಲಿ ಓದಿದ ತಂದೆಗೆ ತನ್ನ ಮಗಳನ್ನು ಕರೆದೊಯ್ಯಬೇಕೋ ಬೇಡವೋ ಎಂಬುದು ಯಾವ ಅಂಕಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಮಕ್ಕಳ ವಾಹಿನಿಗಳಿಗೂ ಒಟಿಟಿಗೂ ಅದೇ ಸಾಲು, ಅದೇ ಅಂಕಿ ಅನ್ವಯಿಸಲಿ. ಆ ಸಾಲು ಬರೆದವರು ಯಾರು, ಒಪ್ಪದಿದ್ದರೆ ಎಲ್ಲಿಗೆ ಬರೆಯಬೇಕು ಎಂಬುದೂ ಅದರ ಜೊತೆಯಲ್ಲೇ ಇರಲಿ.