ಕಾಲ ಬುಡಕ್ಕೆ ಬೀಳುವ ಬೆಳಕು

ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳಿಗೆ ಹಗಲು ಹಾಲೆರೆದು ಕೈಮುಗಿಯುವ ನಾವೇ ರಾತ್ರಿ ಮೋಟಾರು ಹಾಕೋಕೆ ಹೊಲದ ಕಡೆ ಹೊರಡಬೇಕು. ಕೊಳವೆಬಾವಿ ನಂಬಿ ಹಿಪ್ಪುನೇರಳೆ, ಮುಸುಕಿನ ಜೋಳ ಬೆಳೆಯುವ ನಮ್ಮ ಗೌರಿಬಿದನೂರು ಸೀಮೆಯಲ್ಲಿ ತ್ರೀ ಫೇಸ್ ಕರೆಂಟು ಬರುವುದು ಪಾಳಿಯ ಮೇಲೆ. ಆಟೋ ಸ್ಟಾರ್ಟರ್ ಇದ್ದರೆ ಮೋಟಾರೇನೋ ತಾನೇ ಓಡೀತು. ಗೇಟ್‌ವಾಲ್ ತಿರುಗಿಸೋಕೆ, ಕಿತ್ತುಬಂದ ಡ್ರಿಪ್ ಪೈಪು ಸಿಕ್ಕಿಸೋಕೆ ಮನುಷ್ಯನೇ ಹೋಗಬೇಕು. ಹಾಗಾಗಿ ನಮ್ಮಲ್ಲಿ ಟಾರ್ಚು ಶೋಕಿಯ ಸಾಮಾನಲ್ಲ.

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂದು ಒಂದು ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಕಡಿಸಿಕೊಳ್ಳದೇ ಇರೋಕೆ ವೈದ್ಯರು ಹೇಳುವುದು ಎರಡೇ ಮಾತು: ಕಾಲಿಗೆ ಬೂಟು, ಕೈಯಲ್ಲಿ ಬೆಳಕು.

ಸಂತೆಯ ಅಂಗಡಿಯವನು ಮಾತ್ರ ಬೇರೆಯದೇ ಹೇಳುತ್ತಾನೆ. "ಅಣ್ಣಾ, ಈ ಬ್ಯಾಟ್ರಿ ಬೆಳಕು ಆ ಗುಡ್ಡಕ್ಕೆ ತಗಲ್ತದೆ ನೋಡು!" ತಗಲಲಿ ಬಿಡಿ. ಗುಡ್ಡದ ಮೇಲೆ ನನಗೇನು ಕೆಲಸ? ನನಗೆ ಬೇಕಿರುವುದು ಮುಂದಿನ ಹತ್ತು ಹೆಜ್ಜೆ. ಮೂತಿ ಎಳೆದು ಬೆಳಕು ಕಿರಿದು ಮಾಡುವ ಜೂಮ್ ಟಾರ್ಚು ದೂರದಲ್ಲಿ ಒಂದು ಚೌಕ ಬೆಳಗಿಸುತ್ತದೆ, ಆಚೀಚೆಯ ಬದು ಕತ್ತಲಲ್ಲೇ ಉಳಿಯುತ್ತದೆ. ಎಳೆದೆಳೆದು ಸಡಿಲವಾದ ಮೂತಿಯೊಳಗೆ ನೀರೂ ಇಳಿಯುತ್ತದೆ. ಅಗಲಕ್ಕೆ ಹರಡುವ, ನಡುವೆ ತುಸು ಗಟ್ಟಿಯಾಗಿರುವ ಬೆಳಕೇ ನಡೆಯುವವನಿಗೆ ಸರಿ. ಇನ್ನು ಡಬ್ಬಿಯ ಮೇಲಿನ "100 ಮೀಟರ್" ಎಂಬುದರ ಅರ್ಥ, ಅಷ್ಟು ದೂರದಲ್ಲಿ ಬೀಳುವ ಬೆಳಕು ಸುಮಾರು ಹುಣ್ಣಿಮೆ ಬೆಳದಿಂಗಳಿನಷ್ಟು ಎಂದು. ಅಳತೆಯ ನಿಯಮವೇ ಹಾಗಿದೆ.

ಬೆಳಕಿನ ಬಣ್ಣವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಕೊಳಕುಮಂಡಲ ಹಾವಿನ ಮೈ ಕಂದು, ಅದರ ಮೇಲೆ ಕಡುಗಂದಿನ ಅಂಡಾಕಾರದ ಮಚ್ಚೆ. ಒಣಗಿದ ಹಿಪ್ಪುನೇರಳೆ ಸೊಪ್ಪಿನ ನಡುವೆ ಅದು ಸುತ್ತಿಕೊಂಡು ಬಿದ್ದಿದ್ದರೆ, ಹೆಜ್ಜೆ ಸಪ್ಪಳ ಕೇಳಿದರೂ ಅನೇಕ ಸಲ ಜಾಗ ಬಿಟ್ಟು ಕದಲುವುದಿಲ್ಲ. ಅಗ್ಗದ ಎಲ್‌ಇಡಿಯ ನೀಲಿ ಛಾಯೆಯ ಬೆಳಕಿನಲ್ಲಿ ಎಲೆಯ ಕಂದು, ಹಾವಿನ ಕಂದು, ಮಣ್ಣಿನ ಕಂದು ಎಲ್ಲ ಒಂದೇ ಬೂದಿಯಾಗಿ ಕಾಣುತ್ತವೆ. ಬಣ್ಣ ಎಷ್ಟು ಸರಿಯಾಗಿ ತೋರುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆಯಿದೆ, ಬಿಸಿಲಿನದು 100. ಸಾಮಾನ್ಯ ಟಾರ್ಚಿನದು 70ರ ಆಸುಪಾಸು. 90ಕ್ಕೆ ಮೇಲ್ಪಟ್ಟದ್ದು ಸಿಕ್ಕಿದರೆ, ಬೆಳಕಿನ ಛಾಯೆ ಹೇಳುವ ಬಣ್ಣದ ತಾಪಮಾನ 4000ರಿಂದ 5000 ಕೆಲ್ವಿನ್ ಒಳಗಿದ್ದರೆ, ಉಳಿದದ್ದರಲ್ಲಿ ಸ್ವಲ್ಪ ರಾಜಿಯಾದರೂ ಅದನ್ನೇ ತೆಗೆದುಕೊಳ್ಳಿ.

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದರು. ಟಾರ್ಚಿನ ಡಬ್ಬಿಯನ್ನೂ ಹಾಗೆಯೇ ಓದಬೇಕು. ಈಗಿನ ಒಳ್ಳೆಯ ಟಾರ್ಚುಗಳಲ್ಲಿರುವುದು 18650 ಎಂಬ ಲಿಥಿಯಂ ಸೆಲ್ಲು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದರಲ್ಲಿ ಹಿಡಿಯುವ ಶಕ್ತಿ ಸುಮಾರು 3500 ಎಂಎಎಚ್. "9900 ಎಂಎಎಚ್" ಎಂದು ಮುದ್ರಿಸಿದ್ದರೆ ಸುಳ್ಳು ಅಲ್ಲೇ ಸಿಕ್ಕಿಬಿತ್ತು. ಲೆಕ್ಕ ಕಷ್ಟವೇನಲ್ಲ. 3000 ಎಂಎಎಚ್ ಸೆಲ್ಲಿನಲ್ಲಿ ಸುಮಾರು 11 ವಾಟ್-ಗಂಟೆ ಇರುತ್ತದೆ. ಒಂದು ವಾಟ್‌ಗೆ ಅಂದಾಜು 100 ಲ್ಯುಮೆನ್ ಬೆಳಕು. ಅಂದರೆ 1000 ಲ್ಯುಮೆನ್ ಉರಿಸಿದರೆ ಒಂದು ಗಂಟೆ, 100 ಲ್ಯುಮೆನ್‌ಗೆ ಇಳಿಸಿದರೆ ಹತ್ತು ಗಂಟೆಯ ಮೇಲೆ. ಹಾಗಾದರೆ "1000 ಲ್ಯುಮೆನ್, 10 ಗಂಟೆ" ಎಂದು ಬರೆಯುವುದು ಹೇಗೆ? ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗಿನ ಹೊತ್ತನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಪುಟ್ಟ ಟಾರ್ಚಿನ ಮೈ ಬಿಸಿ ತಡೆಯದೆ ಕೆಲವೇ ನಿಮಿಷಕ್ಕೆ ಬೆಳಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬದುವಿನ ಮೇಲೆ ನಡೆಯೋಕೆ 50 ಲ್ಯುಮೆನ್ ಧಾರಾಳ ಸಾಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ಗಂಟೆ ಹಿಡಿಯುತ್ತದೆ. ಅತಿ ಬೆಳಕು ಅದನ್ನು ಒಂದು ಗಳಿಗೆಯಲ್ಲಿ ಹಾಳು ಮಾಡುತ್ತದೆ. ಗುಂಡಿ ಒತ್ತಿದೊಡನೆ ಕಡಿಮೆ ಬೆಳಕಿನಲ್ಲೇ ಹತ್ತುವ ಟಾರ್ಚು ಒಳ್ಳೆಯದು. ಬೆಳಕು ಬದಲಿಸುವಾಗ ನಡುವೆ ಪಕಪಕ ಮಿನುಗುವಂಥದ್ದು ಬೇಡವೇ ಬೇಡ.

ಚಾರ್ಜಿಗೆ ಹಾಕುವುದು ಮರೆತುಹೋಗುವವರು ಕಿರಾಣಿ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲಿನ ಟಾರ್ಚು ಕೊಳ್ಳಲಿ. ಆದರೆ ತಿಂಗಳುಗಟ್ಟಲೆ ಉಪಯೋಗಿಸದಿದ್ದರೆ ಸೆಲ್ಲು ಹೊರಗೆ ತೆಗೆದಿಡಬೇಕು, ಇಲ್ಲದಿದ್ದರೆ ಅದು ಸೋರಿ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ದಿನವೂ ಬಳಸುವವರಿಗೆ ಫೋನಿನ ಟೈಪ್-ಸಿ ಚಾರ್ಜರಿನಲ್ಲೇ ಚಾರ್ಜ್ ಆಗುವ, ಸೆಲ್ಲು ಬಿಚ್ಚಿ ಬದಲಿಸಬಹುದಾದ ಲಿಥಿಯಂ ಟಾರ್ಚು ಲಾಭ. ಎರಡು ಪಿನ್ ಗೋಡೆಗೆ ಚುಚ್ಚುವ ಹಳೆ ನಮೂನೆಯವುಗಳಲ್ಲಿ ಸೀಸದ ಬ್ಯಾಟರಿ ಇರುತ್ತದೆ. ಖಾಲಿಯಾಗಿ ನಾಲ್ಕು ತಿಂಗಳು ಬಿದ್ದಿದ್ದರೆ ಮತ್ತೆ ಏಳುವುದು ಅನುಮಾನ.

ನೀರಿನ ವಿಷಯದಲ್ಲಿ ಐಪಿಎಕ್ಸ್4 ಎಂದರೆ ತುಂತುರು ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ. ಕಾಲುವೆ, ತೊಟ್ಟಿ ಹತ್ತಿರ ಓಡಾಡುವವರಿಗೆ ಎರಡನೆಯದೇ ಬೇಕು. ಹಿಂಬದಿಯಲ್ಲಿ ಅಯಸ್ಕಾಂತ ಇರುವುದನ್ನು ಆರಿಸಿ. ಕಬ್ಬಿಣದ ಸ್ಟಾರ್ಟರ್ ಡಬ್ಬಿಯ ಬಾಗಿಲಿಗೆ ಅಂಟಿಸಿದರೆ ಬೆಳಕು ಗೇಟ್‌ವಾಲ್ ಮೇಲೆ ಬೀಳುತ್ತದೆ, ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಜೊಲ್ಲು ಸುರಿಸುವುದು ತಪ್ಪುತ್ತದೆ. ಅಂಗೈ ಉದ್ದ ಮೀರದಿರಲಿ, ಪಟಾಪಟ್ಟಿ ಚಡ್ಡಿಯ ಜೇಬಿಗೆ ಸಿಕ್ಕಿಸೋಕೆ ಕ್ಲಿಪ್ ಇರಲಿ. ಎಷ್ಟೇ ಒಳ್ಳೆಯದಾದರೂ ದಪ್ಪ ಟಾರ್ಚು ಮನೆಯ ಗೂಟಕ್ಕೇ ನೇತಾಡುತ್ತದೆ.

ಕೊನೆಗೊಂದು ಮಾತು, ಮನೆಯ ಯಜಮಾನರಿಗೆ. ಟಾರ್ಚು ತಂದ ದಿನದಿಂದ ಅದು ಮೋಟಾರು ಹಾಕುವವನ ಜೇಬಿನಲ್ಲೇ ಇರುತ್ತದೆ. ಅದೇ ರಾತ್ರಿ ರೇಷ್ಮೆ ಹುಳುಮನೆಗೆ ಸೊಪ್ಪು ಹಾಕೋಕೆ, ಕೊಟ್ಟಿಗೆಯ ಹಸು ನೋಡೋಕೆ ಹೋಗುವ ಹೆಂಗಸರು ಮೊಬೈಲಿನ ಮಂಕು ಬೆಳಕಿನಲ್ಲಿ, ಬಹುಪಾಲು ಬರಿಗಾಲಿನಲ್ಲಿ, ನಡೆಯುತ್ತಾರೆ. ಗುಡ್ಡಕ್ಕೆ ತಗಲುವ ಒಂದು ದುಬಾರಿ ಟಾರ್ಚಿನ ದುಡ್ಡಿಗೆ ಕಾಲ ಬುಡ ತೋರಿಸುವ ಸಾಧಾರಣದ್ದು ಎರಡು ಬರುತ್ತವೆ. ಎರಡು ತನ್ನಿ.