ಬೆಂಗಳೂರಿನ ಅಂಗೈ ಕಂಪ್ಯೂಟರ್, ಕಂಬಂನ ಮನೆಮಾತು

2001ರ ಏಪ್ರಿಲ್ 25ರಂದು ಬೆಂಗಳೂರಿನಿಂದ ಒಂದು ಹೊಸ ಯಂತ್ರದ ಸುದ್ದಿ ಹೊರಬಿತ್ತು. ಕೈಯಲ್ಲಿ ಹಿಡಿದು ಬಳಸುವ ಪುಟ್ಟ ಕಂಪ್ಯೂಟರ್. ಕೀಲಿಮಣೆ ಇಲ್ಲ, ಮೌಸ್ ಇಲ್ಲ. ಕಡ್ಡಿಯಂಥ ಪೆನ್ನಿನಿಂದ ಪರದೆ ಮುಟ್ಟಿದರೆ ಕೆಲಸ ಶುರು. ಅಮೆರಿಕದಲ್ಲಿ ಆ ಹೊತ್ತಿಗೆ ಇಂಥ ಯಂತ್ರಗಳು ಹೊಸತಾಗಿರಲಿಲ್ಲ. ಆದರೆ ಬೆಂಗಳೂರಿನ ಈ ಯಂತ್ರಕ್ಕೆ ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳುವುದು ಗೊತ್ತಿತ್ತು. ಓದಲು ಬಾರದವರ ಕೈಗೂ ಕಂಪ್ಯೂಟರ್ ಸಿಗಬೇಕೆಂಬ ಹಟ ಹಿಡಿದೇ ಅದನ್ನು ಕಟ್ಟಿದ್ದರು. ಅದರ ಹೆಸರು ಸಿಂಪ್ಯೂಟರ್.

ಆಪಲ್ ಕಂಪನಿಯ ಐಪಾಡ್ ಬಂದದ್ದೂ ಅದೇ ವರ್ಷ. ಆದರೂ ಆ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್ ವರ್ಷದ ಹೊಸ ವಿಚಾರಗಳನ್ನು ಆರಿಸಿದಾಗ, ವಿಜ್ಞಾನ ಕಥೆಗಾರ ಬ್ರೂಸ್ ಸ್ಟರ್ಲಿಂಗ್ ಕಂಪ್ಯೂಟರ್ ಲೋಕದ ಮುಖ್ಯ ಆವಿಷ್ಕಾರವೆಂದು ಎತ್ತಿ ಹೇಳಿದ್ದು ಸಿಂಪ್ಯೂಟರನ್ನೇ. ಇಂದು ಆ ಹೆಸರು ಕೇಳಿದ ಕಾಲೇಜು ಹುಡುಗರು ವಿರಳ. ಎಲ್ಲರ ಜೇಬಿನಲ್ಲೂ ಇರುವ ಸ್ಮಾರ್ಟ್‌ಫೋನ್ ಬೇರೆ ದಾರಿಯಲ್ಲಿ ಬಂತು. ಆ ದಾರಿ ಯಾವುದು, ಬೆಂಗಳೂರಿನವರು ಹಿಡಿದ ದಾರಿ ಯಾವುದು ಎಂದು ಅಕ್ಕಪಕ್ಕ ಇಟ್ಟು ನೋಡುವುದು ಇವತ್ತಿಗೂ ಉಪಯುಕ್ತ.

ಫೋನು ಮತ್ತು ದಿನಚರಿ ಪುಸ್ತಕವನ್ನು ಒಂದೇ ಡಬ್ಬಿಗೆ ಸೇರಿಸುವ ಮೊದಲ ದೊಡ್ಡ ಯತ್ನ ಐಬಿಎಂ ಕಂಪನಿಯದು. 1992ರಲ್ಲಿ ಲಾಸ್ ವೇಗಸ್‌ನ ಮೇಳವೊಂದರಲ್ಲಿ ಮಾದರಿ ತೋರಿಸಿ, 1994ರ ಆಗಸ್ಟಿನಲ್ಲಿ 'ಸೈಮನ್' ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಮುಟ್ಟುಪರದೆ, ವಿಳಾಸ ಪುಸ್ತಕ, ಕ್ಯಾಲೆಂಡರ್, ಫ್ಯಾಕ್ಸ್, ಇಮೇಲ್ ಎಲ್ಲವೂ ಇತ್ತು. ತೂಕ ಅರ್ಧ ಕಿಲೋ, ಬೆಲೆ 899 ಡಾಲರ್. ಬ್ಯಾಟರಿ ಮಾತ್ರ ಮಾತಾಡುತ್ತಾ ಹೋದರೆ ಒಂದು ಗಂಟೆಯಲ್ಲಿ ಖಾಲಿ. ಆರು ತಿಂಗಳಲ್ಲಿ ಸುಮಾರು 50,000 ಮಾರಾಟವಾಗಿ ಸೈಮನ್ ಕತೆ ಮುಗಿಯಿತು.

1996ರಲ್ಲಿ ಪಾಮ್ ಪೈಲಟ್ ಬಂತು. ಇದು ಫೋನಲ್ಲ, ಬರೀ ದಿನಚರಿ. ಇದರ ಹಿಂದಿದ್ದ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮೊದಲೇ ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದವರು. ಯಾರಾದರೂ ಭೇಟಿಯ ದಿನ ಕೇಳಿದರೆ ಆ ತುಂಡನ್ನು ಹೊರತೆಗೆದು ಅದರ ಮೇಲೆ ಬರೆದಂತೆ ಮಾಡಿ ನೋಡುತ್ತಿದ್ದರು. ಜೇಬಿಗೆ ಹಿಡಿಯದ್ದನ್ನು ಜನ ಕೊಳ್ಳುವುದಿಲ್ಲವೆಂದು ಅವರಿಗೆ ಖಾತ್ರಿಯಾದದ್ದು ಹೀಗೆ. ಪಾಮ್‌ನಲ್ಲಿ ಬರೆಯಲು 'ಗ್ರಾಫಿಟಿ' ಎಂಬ ಹೊಸ ಬರವಣಿಗೆ ಕಲಿಯಬೇಕಿತ್ತು. ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಪೆನ್ನು ಎತ್ತದೆ ಎಳೆಯುವ ಒಂದೊಂದು ಗೆರೆ. 'ಎ' ಬರೆಯಲು ನಡುವಿನ ಅಡ್ಡಗೆರೆ ಬಿಟ್ಟು ಬರೀ ಮಾಡಿನ ಆಕಾರ ಎಳೆದರೆ ಸಾಕು. ಲಕ್ಷಾಂತರ ಜನ ಇದನ್ನು ಕಲಿತರು.

ಆಗಿನ ವ್ಯವಹಾರಸ್ಥರ ಒಂದು ಜೇಬಿನಲ್ಲಿ ಮೊಬೈಲು, ಇನ್ನೊಂದರಲ್ಲಿ ಪಾಮ್. ನಂಬರು ಪಾಮ್‌ನಲ್ಲಿ ಹುಡುಕಿ, ಮೊಬೈಲಿನ ಗುಂಡಿಗಳಲ್ಲಿ ಒತ್ತಬೇಕು. ಎರಡನ್ನೂ ಒಂದು ಮಾಡಿದ ಯಂತ್ರಗಳಲ್ಲೊಂದು 2001ರ ಕ್ಯೋಸೆರಾ 6035. ಮುಂದಿನ ಗುಂಡಿಗಳ ಮುಚ್ಚಳ ತೆರೆದರೆ ಒಳಗೆ ಪಾಮ್‌ನ ಉದ್ದನೆಯ ಪರದೆ. ಅದರ ಬೆನ್ನಿಗೇ, 2002ರಲ್ಲಿ, ಹಾಕಿನ್ಸ್ ಮತ್ತು ಗೆಳೆಯರು ಪಾಮ್ ಬಿಟ್ಟು ಕಟ್ಟಿದ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ ಟ್ರಿಯೋ 180 ಬಂತು. ಪುಟ್ಟ ಕೀಲಿಮಣೆ, ಮಡಚುವ ಮುಚ್ಚಳ, 16 ಎಂಬಿ ಮೆಮೊರಿ. ವಿಳಾಸ ಪುಸ್ತಕದಲ್ಲಿ ಹೆಸರು ಮುಟ್ಟಿದರೆ ಕರೆ ಹೋಗುತ್ತದೆ. ಇವತ್ತು ಯಾರೂ ಗಮನಿಸದ ಈ ಸೌಕರ್ಯವೇ ಅಂದು ಆ ಯಂತ್ರವನ್ನು ಕೊಳ್ಳಲು ದೊಡ್ಡ ಕಾರಣವಾಗಿತ್ತು.

ಟ್ರಿಯೋದ ಒಂದು ಕೊರತೆಯನ್ನು ಹೇಳಲೇಬೇಕು. ಅದು ಎಲ್ಲವನ್ನೂ ಇಡುತ್ತಿದ್ದುದು ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವ ಮೆಮೊರಿಯಲ್ಲಿ. ಬ್ಯಾಟರಿ ಪೂರ್ತಿ ಸತ್ತರೆ ನಂಬರು, ಟಿಪ್ಪಣಿ, ದಿನಚರಿ ಎಲ್ಲ ಅಳಿಸಿಹೋಗುತ್ತಿತ್ತು. ಹಾಗಾಗಿ ದಿನಕ್ಕೊಮ್ಮೆ ಕಚೇರಿಯ ಕಂಪ್ಯೂಟರಿಗೆ ಸಿಕ್ಕಿಸಿ ಪ್ರತಿ ಮಾಡಿಟ್ಟುಕೊಳ್ಳಬೇಕು. 2004ರ ಟ್ರಿಯೋ 650ರಲ್ಲಷ್ಟೇ ಇದು ಸರಿಹೋಯಿತು. ಎಂದರೆ ಮೇಜಿನ ಮೇಲೊಂದು ಕಂಪ್ಯೂಟರ್, ಗೋಡೆಯಲ್ಲಿ ಸದಾ ಕರೆಂಟು, ಇಂಗ್ಲಿಷ್ ಬಲ್ಲ ಒಬ್ಬ ಒಡೆಯ: ಇಷ್ಟಿದ್ದರೆ ಮಾತ್ರ ಈ ಯಂತ್ರ ನಡೆಯುತ್ತಿತ್ತು.

ಬೆಂಗಳೂರಿನವರು ಹೊರಟದ್ದು ಈ ಮೂರೂ ಇಲ್ಲದ ಕಡೆಯಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಅವರೊಂದಿಗೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು. ಬಡದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗಿರಬೇಕು ಎಂದು 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಚರ್ಚೆಯಿಂದ ಈ ಕೆಲಸ ಮೊಳಕೆಯೊಡೆಯಿತು. ಲಾಭಕ್ಕಲ್ಲದ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಯಂತ್ರದ ನಕ್ಷೆಯನ್ನು ಗುಟ್ಟಾಗಿಡದೆ ಬೇರೆಯವರೂ ತಯಾರಿಸಲು ಬಿಡುವ ಪರವಾನಗಿ ಬರೆದರು. ಒಳಗಿನ ತಂತ್ರಾಂಶ ಲಿನಕ್ಸ್. ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮಾರುವುದು ಗುರಿ.

ಅಷ್ಟು ಹಣವೂ ಹಳ್ಳಿಯ ಕೂಲಿಕಾರರಿಗೆ ದೊಡ್ಡದೆಂದು ಅವರಿಗೆ ತಿಳಿದಿತ್ತು. ಅದಕ್ಕೆ ಹುಡುಕಿದ ಉಪಾಯವೇ ಸಿಂಪ್ಯೂಟರಿನ ಅತ್ಯಂತ ಜಾಣ ಭಾಗ: ಯಂತ್ರದ ಪಕ್ಕದಲ್ಲಿ ಸ್ಮಾರ್ಟ್‌ಕಾರ್ಡ್ ತೂರಿಸುವ ಸೀಳು. ಪಂಚಾಯಿತಿಯಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ಒಂದೇ ಯಂತ್ರ; ಊರಿನವರ ಕೈಯಲ್ಲಿ ಒಂದೊಂದು ಕಾರ್ಡು. ಬಂದವರು ತಮ್ಮ ಕಾರ್ಡು ತೂರಿಸಿದರೆ ಅಷ್ಟು ಹೊತ್ತು ಆ ಯಂತ್ರ ಅವರದೇ. ಅವರ ಭಾಷೆ, ಅವರ ಲೆಕ್ಕ, ಅವರ ವಿವರ. ಕಾರ್ಡು ಎಳೆದುಕೊಂಡು ಹೋದರೆ ಮುಂದಿನವರ ಸರದಿ. ಒಂದು ಯಂತ್ರ ಒಬ್ಬರಿಗೇ ಸೇರಿದ್ದೆಂದು ಅಮೆರಿಕದ ಕಂಪನಿಗಳು ಪ್ರಶ್ನೆಯೇ ಮಾಡದೆ ಒಪ್ಪಿಕೊಂಡಿದ್ದ ಕಾಲವದು. ಊರಿಗೆಲ್ಲ ಒಂದು ಯಂತ್ರ ಎಂದು ಯೋಚಿಸಲು ಧೈರ್ಯ ಬೇಕಿತ್ತು.

ಮಾತಿನ ಕೆಲಸ ನೋಡಿಕೊಂಡದ್ದು 'ಧ್ವನಿ' ಎಂಬ ತಂತ್ರಾಂಶ. ಅದರ ಮುಖ್ಯ ಕರ್ತೃ ರಮೇಶ್ ಹರಿಹರನ್. ಮನುಷ್ಯರ ದನಿಯಲ್ಲಿ ಮುದ್ರಿಸಿದ ಚಿಕ್ಕ ಚಿಕ್ಕ ಧ್ವನಿತುಣುಕುಗಳ ಸಂಗ್ರಹ ಮೊದಲು ಬೇಕು. ಬರಹ ಸಿಕ್ಕಾಗ ತಂತ್ರಾಂಶ ಅದನ್ನು ಅಕ್ಷರಗಳಾಗಿ ಬಿಡಿಸಿ, ಪ್ರತಿ ಅಕ್ಷರಕ್ಕೆ ಬೇಕಾದ ತುಣುಕುಗಳನ್ನು ಆರಿಸಿ, ಸಾಲಾಗಿ ಜೋಡಿಸಿ ನುಡಿಸುತ್ತದೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರ. ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ನಿಯಮಗಳು ಚಿಕ್ಕದಾಗಿ ಮುಗಿಯುತ್ತವೆ. ಹೊರಬರುವ ದನಿಯಲ್ಲಿ ಏರಿಳಿತ ಕಡಿಮೆ, ಯಂತ್ರ ಮಾತಾಡಿದಂತೆಯೇ ಕೇಳುತ್ತದೆ. ಆದರೂ 206 ಮೆಗಾಹರ್ಟ್ಸ್ ಚಿಪ್ಪಿನ, ಇಂದಿನ ಅಗ್ಗದ ಫೋನಿಗೂ ಹೋಲಿಸಲಾಗದಷ್ಟು ಕಡಿಮೆ ಮೆಮೊರಿಯ ಯಂತ್ರದಲ್ಲಿ, ಇಂಟರ್‌ನೆಟ್ ನೆರವಿಲ್ಲದೆ, ಹಿಂದಿಯನ್ನೂ ಕನ್ನಡವನ್ನೂ ಓದಿಸಿದ್ದು ಸಣ್ಣ ಸಾಧನೆಯಲ್ಲ.

2004ರ ಮಾರ್ಚಿನಲ್ಲಿ ಪ್ರಾಧ್ಯಾಪಕರ ಪಿಕೋಪೀಟಾ ಕಂಪನಿ, ಭಾರತ್ ಎಲೆಕ್ಟ್ರಾನಿಕ್ಸ್ ಕೈಯಲ್ಲಿ ಮಾಡಿಸಿದ 'ಅಮಿಡಾ ಸಿಂಪ್ಯೂಟರ್' ಅಂಗಡಿಗೆ ಬಂತು. ಕಪ್ಪುಬಿಳುಪು ಪರದೆಯದಕ್ಕೆ 9,950 ರೂಪಾಯಿ. ಬಣ್ಣದ ಪರದೆಯದು ಅದರ ಎರಡರಷ್ಟು. ಅಲುಗಾಟ ಗುರುತಿಸುವ ಸಂವೇದಕ ಅದರೊಳಗಿತ್ತು. ಯಂತ್ರವನ್ನು ತುಸು ವಾಲಿಸಿದರೆ ಪುಟ ಮಗುಚುತ್ತಿತ್ತು. ಐಫೋನ್ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ ಎಂದು ಜಗತ್ತು ಬೆರಗಾದದ್ದು ಇದಾದ ಮೂರು ವರ್ಷಕ್ಕೆ, 2007ರಲ್ಲಿ.

ಮಾರಾಟ ಮಾತ್ರ ಸೋತಿತು. ಮೊದಲ ವರ್ಷ ಹೋದದ್ದು ಸುಮಾರು 4,000. ನಿರೀಕ್ಷೆಯ ಹತ್ತನೇ ಒಂದು ಭಾಗವೂ ಅಲ್ಲ. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಕೆಲವನ್ನು ಬಳಸಿತು, ಛತ್ತೀಸಗಢದ ಶಾಲೆಗಳಲ್ಲಿ ಪ್ರಯೋಗವಾಯಿತು, ಎನ್‌ಕೋರ್ ಕಂಪನಿ ಇದೇ ಬುನಾದಿಯ ಮೇಲೆ ಸೈನ್ಯಕ್ಕಾಗಿ 'ಸಾಥಿ' ಎಂಬ ಕೈಯಂತ್ರ ಮಾಡಿಕೊಟ್ಟಿತು. ಊರೂರಿನ ಪಂಚಾಯಿತಿಗಳಿಗೆ ತಲುಪುವ ಕನಸು ಅಲ್ಲಿಗೇ ನಿಂತಿತು. ಸರ್ಕಾರಗಳು ಸಾಮೂಹಿಕವಾಗಿ ಕೊಂಡಿದ್ದರೆ ಬೆಲೆ ಇಳಿಯುತ್ತಿತ್ತು. ಬೆಲೆ ಇಳಿಯದೆ ಅವು ಕೊಳ್ಳಲಿಲ್ಲ.

ಅಷ್ಟರಲ್ಲಿ ಜನರಿಗೆ ಬೇರೊಂದು ಯಂತ್ರ ಸಿಕ್ಕಿತ್ತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ ಅದು ಶ್ರೀಮಂತರ ಸರಕು. ಬಂದ ಕರೆಗೂ ದುಡ್ಡು ಕಟ್ಟಬೇಕಿತ್ತು. 2003ರ ಮೇ ತಿಂಗಳಿಂದ ಒಳಬರುವ ಕರೆ ಪುಕ್ಕಟೆಯಾಯಿತು. ಅದೇ ವರ್ಷ ನೋಕಿಯಾ 1100 ಬಂತು: ಧೂಳು ಹೊಗದ ಗುಂಡಿಗಳು, ತಲೆಯ ಮೇಲೊಂದು ಟಾರ್ಚು. ಅಮಿಡಾ ಅಂಗಡಿಗೆ ಬರುವ ಹೊತ್ತಿಗೆ ಹಳ್ಳಿಗಾಡಿನವರು ತಮ್ಮ ಯಂತ್ರವನ್ನು ಆರಿಸಿಕೊಳ್ಳತೊಡಗಿದ್ದರು. ಅದರಲ್ಲಿ ದಿನಚರಿ ಹೆಸರಿಗಷ್ಟೇ ಇತ್ತು. ಆದರೆ ಮಾತಿತ್ತು, ಮಾತಿಗೆ ಅಕ್ಷರ ಬೇಡ.

ಬರೀ ಮಾತು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಗಟ್ಟಿ ಸಾಕ್ಷಿ ಕಾಸರಗೋಡಿನ ಕಡಲಲ್ಲಿದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು ಜಿಲ್ಲೆಗಳ ಬೂತಾಯಿ ಮೀನಿನ ಮಾರುಕಟ್ಟೆಗಳನ್ನು ವರ್ಷಗಟ್ಟಲೆ ಅಳೆದು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊಬೈಲು ಬರುವ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಕಡಲಿಗೆ ಸುರಿಯುತ್ತಿದ್ದರು. ಹದಿನೈದು ಕಿಲೋಮೀಟರ್ ಆಚೆಯ ದಡದಲ್ಲಿ ಮೀನಿಲ್ಲದೆ ಗಿರಾಕಿಗಳು ಬರಿಗೈಲಿ ಮರಳುತ್ತಿದ್ದರು. 1997ರಿಂದ ದಕ್ಷಿಣದಿಂದ ಉತ್ತರಕ್ಕೆ ಒಂದೊಂದೇ ಜಿಲ್ಲೆಗೆ ಸಿಗ್ನಲ್ ಬಂತು. ಕಾಸರಗೋಡಿನ ಸರದಿ ಬಂದದ್ದು ಕೊನೆಗೆ, 2000ದಲ್ಲಿ. ದೋಣಿಯಿಂದಲೇ ದಡಕ್ಕೆ ಕರೆ ಮಾಡಿ ದರ ವಿಚಾರಿಸಿ ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸತೊಡಗಿದ ಮೇಲೆ ಮೀನು ಎಸೆಯುವುದು ನಿಂತೇಹೋಯಿತು. ಬೆಸ್ತರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು.

ಕಡಲಿಲ್ಲದ ಕಡೆಯೂ ಬೇಗ ಕೆಡುವ ಸರಕಿನ ಲೆಕ್ಕ ಇದೇ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ದ್ರಾಕ್ಷಿಯ ನಾಡು. ಮುಲ್ಲಪೆರಿಯಾರ್ ನೀರು ಹರಿಯುವ ಆ ಬಯಲಿನಲ್ಲಿ ಬೆಳೆಯುವ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ವರ್ಷವಿಡೀ ಕೊಯ್ಲಾಗುವ ಹಣ್ಣು. ಕೊಯ್ದ ಮೇಲೆ ಕಾಯಲು ಸಮಯವಿಲ್ಲ. ಹತ್ತಿರದ ಬೋಡಿನಾಯಕನೂರು ಏಲಕ್ಕಿ ವ್ಯಾಪಾರದ ಪೇಟೆ. ಸಂಬಾರ ಮಂಡಳಿಯ ಹರಾಜು ಅಲ್ಲಿ ಕಂಪ್ಯೂಟರಿನ ಮೂಲಕ ನಡೆಯುತ್ತದೆ. ಇಂಥ ಕಡೆ ದರ ಮೊದಲು ಯಾರ ಕಿವಿಗೆ ಬೀಳುತ್ತದೆ ಎಂಬುದರ ಮೇಲೆ ಮನೆಯ ವರಮಾನ ನಿಂತಿರುತ್ತದೆ.

ಈ ಕಣಿವೆಯಲ್ಲಿ ಕನ್ನಡವೂ ಇದೆ ಎಂಬುದು ಕರ್ನಾಟಕದ ಹಲವರಿಗೆ ತಿಳಿಯದು. ಕಾಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗರು ತಲೆಮಾರುಗಳಿಂದ ಇಲ್ಲಿ ಬೇಸಾಯ ಮಾಡಿಕೊಂಡು, ದನ ಸಾಕಿಕೊಂಡು ಬಂದವರು. ಕಂಬಂನಲ್ಲಿ ನಂದಗೋಪಾಲನ ಹೆಸರಿನ ದನದ ದೊಡ್ಡಿಯನ್ನು ಅವರು ದೇವಸ್ಥಾನದಂತೆ ಕಾಪಾಡಿಕೊಂಡಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡ ಲಿಪಿ ಬಲ್ಲವರು ಅಪರೂಪ. ತಾಯಿ ಮಗನಿಗೆ ಆಡುವ ಮಾತನ್ನು ಬರೆಯಬೇಕೆಂದರೆ ತಮಿಳು ಅಕ್ಷರ ಬಳಸಬೇಕು, ಇಲ್ಲವೇ ಬರೆಯುವುದನ್ನೇ ಬಿಡಬೇಕು.

ಟ್ರಿಯೋದ ಕೀಲಿಮಣೆಯಿಂದ ಇಂಥವರಿಗೆ ಏನೂ ಸಿಗುತ್ತಿರಲಿಲ್ಲ. ಕನ್ನಡ ಅಕ್ಷರ ಮೂಡಿಸುವ ಇಂದಿನ ಫೋನಿನಿಂದಲೂ ಅರ್ಧವೇ ಸಿಗುತ್ತದೆ. ಅವರ ಭಾಷೆಗೆ ಫೋನಿನಲ್ಲಿ ಪೂರ್ತಿ ಜಾಗ ಸಿಕ್ಕಿದ್ದು 2013ರಲ್ಲಿ ವಾಟ್ಸ್ಆ್ಯಪ್ ಧ್ವನಿಸಂದೇಶ ತಂದ ಮೇಲೆ. ಗುಂಡಿ ಒತ್ತಿ ಹಿಡಿದು ಮಾತಾಡಿ ಬಿಟ್ಟರೆ ಆಯಿತು. ತಿರುಪ್ಪೂರಿನಲ್ಲೋ ಚೆನ್ನೈಯಲ್ಲೋ ಕೆಲಸಕ್ಕಿರುವವರಿಗೆ ಮನೆಮಾತು ಮನೆಯ ರಾಗದಲ್ಲೇ ತಲುಪುತ್ತದೆ. ಯಂತ್ರ ಬಳಸಲು ಓದು ಬರಹ ಅಡ್ಡಿಯಾಗಬಾರದು, ದನಿಯೇ ಮುಂದೆ ನಿಲ್ಲಬೇಕು ಎಂದು ಸಿಂಪ್ಯೂಟರ್ ಕಟ್ಟಿದವರು ಹೇಳಿದ್ದು ಸರಿಯಾಗಿತ್ತು. ಅವರು ಕಟ್ಟಿದ ಪೆಟ್ಟಿಗೆ ಉಳಿಯಲಿಲ್ಲ. 'ಧ್ವನಿ' ಮಾತ್ರ ಮುಕ್ತ ತಂತ್ರಾಂಶವಾಗಿ ಉಳಿದು, ಸಂತೋಷ್ ತೋಟ್ಟಿಂಗಲ್ ಅವರಂಥ ಸ್ವಯಂಸೇವಕರ ಕೈಯಲ್ಲಿ ಇನ್ನಷ್ಟು ಭಾರತೀಯ ಭಾಷೆಗಳನ್ನು ಕಲಿಯಿತು.

ಧ್ವನಿಸಂದೇಶದಲ್ಲಿ ಯಂತ್ರ ಮಾತನ್ನು ಸಾಗಿಸುತ್ತದೆ ಅಷ್ಟೇ, ಅರ್ಥ ಮಾಡಿಕೊಳ್ಳುವುದಿಲ್ಲ. ದ್ರಾಕ್ಷಿಯ ದರ ಕೇಳಿದರೆ ಉತ್ತರಿಸುವ, ಬ್ಯಾಂಕಿನ ಪತ್ರವನ್ನು ಮನೆಮಾತಿನಲ್ಲಿ ವಿವರಿಸುವ ಫೋನು ಬೇಕೆಂದರೆ ಅದಕ್ಕೆ ಆ ಮಾತಿನ ಮಾದರಿಗಳನ್ನು ಸಾವಿರಾರು ಗಂಟೆ ಕೇಳಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲಿನ ಆರ್ಟ್‌ಪಾರ್ಕ್, ಗೂಗಲ್‌ನ ಹಣದ ನೆರವಿನಿಂದ 2022ರಲ್ಲಿ ಪ್ರಕಟಿಸಿದ 'ವಾಣಿ' ಯೋಜನೆ ಇದೇ ಕೆಲಸದ್ದು. ದೇಶದ 773 ಜಿಲ್ಲೆಗಳ ಸುಮಾರು ಹತ್ತು ಲಕ್ಷ ಜನರಿಂದ ಒಂದೂವರೆ ಲಕ್ಷ ಗಂಟೆಗೂ ಮಿಗಿಲಾದ ಮಾತು ಸಂಗ್ರಹಿಸುವುದು ಅದರ ಗುರಿ. ರಾಜ್ಯದ ಅಧಿಕೃತ ಭಾಷೆ ನೋಡದೆ ಜಿಲ್ಲೆ ಜಿಲ್ಲೆಯಲ್ಲಿ ಜನ ಆಡುವ ಮಾತನ್ನೇ ಸಂಗ್ರಹಿಸುವ ಕ್ರಮ ಇದು. ತೇನಿ ಜಿಲ್ಲೆಯ ಧ್ವನಿಮುದ್ರಣಕ್ಕೆ ಹೋಗುವವರು ತಮಿಳಿನ ಜೊತೆಗೆ ಕಂಬಂನ ಒಕ್ಕಲಿಗ ಮನೆಗಳ ಕನ್ನಡವನ್ನೂ ಕೇಳಿ ಮುದ್ರಿಸಿಕೊಳ್ಳಬೇಕು. ಮೈಸೂರು, ಧಾರವಾಡದ ಕನ್ನಡವನ್ನಷ್ಟೇ ಕಲಿತ ಯಂತ್ರಕ್ಕೆ ಆ ಮಾತು ತಿಳಿಯುವುದಿಲ್ಲ.